ಯಹೂದಿ ದ್ವೇಷದ ವ್ಯಾಖ್ಯಾನ: ಗುರಾಣಿ ಯಾರಿಗೆ?

ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕವನ ಸಂಕಲನವನ್ನಲ್ಲ, ಕಾದಂಬರಿಯನ್ನೂ ಅಲ್ಲ. ಎರಡು ವಾಕ್ಯದ ಒಂದು ವ್ಯಾಖ್ಯಾನ, ಅದರ ಕೆಳಗೆ ಹನ್ನೊಂದು ಉದಾಹರಣೆ. ಎಲ್ಲ ಸೇರಿಸಿದರೂ ಎರಡು ಪುಟ ದಾಟದ ಗದ್ಯ. ಯಹೂದಿ ದ್ವೇಷ ಅಂದರೆ ಏನು ಅಂತ ಹೇಳಲು ಹೊರಟ ಈ ಗದ್ಯವನ್ನು ಅಂತಾರಾಷ್ಟ್ರೀಯ ಹೋಲೊಕಾಸ್ಟ್ ಸ್ಮರಣೆ ಒಕ್ಕೂಟ ಎಂಬ ಸರ್ಕಾರಗಳ ಕೂಟ 2016ರ ಮೇ 26ರಂದು ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಒಪ್ಪಿಕೊಂಡಿತು. ಇದಕ್ಕೆ ಕಾನೂನಿನ ಕಟ್ಟಿಲ್ಲ, ಇದು ಕೆಲಸದ ಮಟ್ಟಿನ ವ್ಯಾಖ್ಯಾನ ಅಂತ ಒಕ್ಕೂಟವೇ ಹೇಳಿಕೊಂಡಿದೆ. ಆದರೂ ಆಮೇಲಿನ ವರ್ಷಗಳಲ್ಲಿ ಈ ಎರಡು ಪುಟದ ಸುತ್ತ ಬ್ರಿಟನ್ನಿನ ಒಂದು ದೊಡ್ಡ ಪಕ್ಷ ತನ್ನೊಳಗೇ ಬಡಿದಾಡಿತು. ಜರ್ಮನಿಯಲ್ಲಿ ಪ್ರಶಸ್ತಿ ಸಮಾರಂಭಗಳು ಅರ್ಧಕ್ಕೆ ಮುರಿದವು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಇದನ್ನು ತಮ್ಮ ಶಿಸ್ತಿನ ನಿಯಮದೊಳಗೆ ಸೇರಿಸಿಕೊಂಡವು. ಇಷ್ಟು ಕೆಲಸ ಮಾಡಿದ ಗದ್ಯವನ್ನು ಓದದೆ ಬಿಡುವುದು ಹೇಗೆ?

ಎಲ್ಲೋ ಯೂರೋಪಿನ ಜಗಳ, ನಮ್ಮ ಹಟ್ಟಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವ ಗೆಳೆಯರಿದ್ದಾರೆ. ಸಂಬಂಧವನ್ನು ಅಂಬೇಡ್ಕರ್ ಅವರೇ ತೋರಿಸಿಕೊಟ್ಟಿದ್ದಾರೆ. ಹಿಟ್ಲರ್ ಇನ್ನೂ ಬದುಕಿದ್ದಾಗ, ಎರಡನೇ ಮಹಾಯುದ್ಧದ ನಡುವೆ ಬರೆದ ಬರಹದಲ್ಲಿ ಅವರು ನಾಜಿಗಳ ಯಹೂದಿ ದ್ವೇಷವನ್ನೂ ಸನಾತನಿಗಳು ಅಸ್ಪೃಶ್ಯರ ಮೇಲೆ ನಡೆಸುವುದನ್ನೂ ಪಕ್ಕಪಕ್ಕದಲ್ಲಿಟ್ಟು, ಸಿದ್ಧಾಂತದಲ್ಲಾಗಲಿ ಪರಿಣಾಮದಲ್ಲಾಗಲಿ ಎರಡಕ್ಕೂ ವ್ಯತ್ಯಾಸ ಇಲ್ಲ ಅಂದರು. ಹುಟ್ಟನ್ನೇ ಅಪರಾಧ ಮಾಡುವ ದ್ವೇಷ ಎಲ್ಲಿದ್ದರೂ ನಮಗೆ ಪರಿಚಯದ್ದೇ. ಅದಕ್ಕೆ ಯಾರು ಏನೆಂದು ಹೆಸರಿಡುತ್ತಾರೆ, ಆ ಹೆಸರನ್ನು ಯಾರು ಯಾರ ಮೇಲೆ ಬಳಸುತ್ತಾರೆ ಅನ್ನುವುದೂ ನಮ್ಮ ಪ್ರಶ್ನೆಯೇ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಯಹೂದಿ ದ್ವೇಷ ಅನ್ನುವುದು ಯಾರೋ ಕಟ್ಟಿದ ಕತೆಯಲ್ಲ. ಬಾವಿಗೆ ವಿಷ ಹಾಕಿದರು, ಮಕ್ಕಳ ರಕ್ತ ಬಳಸಿದರು ಅಂತ ಸುಳ್ಳು ಹಬ್ಬಿಸಿ ಶತಮಾನಗಳ ಕಾಲ ಯೂರೋಪು ಅವರನ್ನು ಕೊಂದಿತು, ಊರ ಹೊರಗಿನ ಕೇರಿಗಳಿಗೆ ತಳ್ಳಿತು. 'ಆಂಟಿಸೆಮಿಟಿಸಂ' ಎಂಬ ಪದವನ್ನು ಚಲಾವಣೆಗೆ ತಂದದ್ದೇ ದ್ವೇಷಿಸುವವರು. 1879ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ಅದೇ ಹೆಸರಿನಲ್ಲಿ ಒಂದು ಸಂಘವನ್ನೇ ಕಟ್ಟಿದ. ಹಳೆಯ ಮತದ್ವೇಷಕ್ಕೆ ಜನಾಂಗ ವಿಜ್ಞಾನದ ಕೋಟು ತೊಡಿಸುವುದು ಅವನ ಹುನ್ನಾರ. ಅರವತ್ತೇ ವರ್ಷದಲ್ಲಿ ಆ ಕೋಟು ಸಮವಸ್ತ್ರವಾಯಿತು. ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದರು.

ಅದು ಮುಗಿದ ಕತೆಯೂ ಅಲ್ಲ. 2008ರ ನವೆಂಬರಿನಲ್ಲಿ ಮುಂಬೈಗೆ ನುಗ್ಗಿದ ಭಯೋತ್ಪಾದಕರು ನಾರಿಮನ್ ಹೌಸ್‌ ಎಂಬ ಯಹೂದಿ ಕೇಂದ್ರವನ್ನು ಹುಡುಕಿಕೊಂಡು ಹೋಗಿ ಆರು ಜನರನ್ನು ಕೊಂದರು. 2018ರ ಅಕ್ಟೋಬರ್ 27ರಂದು ಅಮೆರಿಕದ ಪಿಟ್ಸ್‌ಬರ್ಗ್‌ನ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಬಿಳಿಯ ಜನಾಂಗವಾದಿ 11 ಜನರನ್ನು ಗುಂಡಿಟ್ಟು ಕೊಂದ. ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯೊಂದರ ಮೇಲೆ ಅವನಿಗೆ ಸಿಟ್ಟಿತ್ತು. 2025ರ ಅಕ್ಟೋಬರ್ 2ರಂದು, ಯಹೂದಿಗಳ ಅತಿ ಪವಿತ್ರ ದಿನದಂದು, ಮ್ಯಾಂಚೆಸ್ಟರಿನ ಪ್ರಾರ್ಥನಾ ಮಂದಿರದ ಮೇಲೆ ದಾಳಿಯಾಗಿ ಇಬ್ಬರು ಸತ್ತರು. ಈ ಸಾವುಗಳ ಮುಂದೆ ನಿಂತು 'ಆದರೆ ಇಸ್ರೇಲು...' ಅಂತ ಶುರು ಮಾಡುವವರ ಜೊತೆ ನಮ್ಮ ಪಂಕ್ತಿ ಇಲ್ಲ. ಒಂದು ಪ್ರಭುತ್ವ ಮಾಡಿದ ಪಾಪಕ್ಕೆ ದೂರದ ಊರಿನಲ್ಲಿ ಪ್ರಾರ್ಥನೆಗೆ ಕೂತವರನ್ನು ಹೊಣೆ ಮಾಡುವುದು, ಯಾರೋ ಒಬ್ಬ ಮಾಡಿದ 'ತಪ್ಪಿಗೆ' ಇಡೀ ಕೇರಿಗೆ ಬೆಂಕಿ ಇಡುವ ಬುದ್ಧಿಯೇ.

ಹಾಗಾದರೆ ಈ ದ್ವೇಷಕ್ಕೆ ಒಂದು ಖಚಿತ ವ್ಯಾಖ್ಯಾನ ಬೇಡವೇ? ಬೇಕು. ಹಾಗಾಗಿಯೇ ಈಗಿರುವ ವ್ಯಾಖ್ಯಾನವನ್ನು ಹಿಡಿದು ಕೇಳಬೇಕು: ಇದು ಯಾರ ಕೈಗೆ ಗುರಾಣಿ ಕೊಟ್ಟಿದೆ?

ಇದರ ಹುಟ್ಟು ತಿಳಿದುಕೊಳ್ಳೋಣ. 2000ದ ಆಸುಪಾಸಿನಲ್ಲಿ ಯೂರೋಪಿನಲ್ಲಿ ಯಹೂದಿಗಳ ಮೇಲಿನ ಹಲ್ಲೆಗಳು ಹೆಚ್ಚಿದವು. ಒಂದು ದೇಶ ಒಂದು ಥರ ಲೆಕ್ಕ ಬರೆದರೆ ಇನ್ನೊಂದು ದೇಶ ಇನ್ನೊಂದು ಥರ ಬರೆಯುತ್ತಿತ್ತು. ಎಲ್ಲರೂ ಒಂದೇ ಅಳತೆಯಲ್ಲಿ ಎಣಿಸಲಿ ಅಂತ ಒಂದು ಕರಡು ತಯಾರಾಯಿತು. ಅಮೆರಿಕನ್ ಜ್ಯೂಯಿಷ್ ಕಮಿಟಿಯಲ್ಲಿದ್ದ ವಕೀಲ ಕೆನೆತ್ ಸ್ಟರ್ನ್ ಅದನ್ನು ಬರೆಯುವುದರಲ್ಲಿ ಮುಂದಾಳು. ಜನಾಂಗದ್ವೇಷದ ಮೇಲೆ ಕಣ್ಣಿಡುವ ಯೂರೋಪಿನ ಒಂದು ಸಂಸ್ಥೆ 2005ರಲ್ಲಿ ಅದನ್ನು ಹೊರಗೆ ತಂದಿತು. ಆ ಸಂಸ್ಥೆಯ ಜಾಗಕ್ಕೆ ಬಂದ ಸಂಸ್ಥೆ 2013ರಲ್ಲಿ ಅದನ್ನು ಕೈಬಿಟ್ಟಿತು. ಮೂರು ವರ್ಷದ ನಂತರ, ಹೆಚ್ಚು ಕಡಿಮೆ ಅದೇ ಗದ್ಯ ಬುಖಾರೆಸ್ಟ್‌ನಲ್ಲಿ ಮತ್ತೆ ಎದ್ದು ಕೂತಿತು. ಬರೆದ ಸ್ಟರ್ನ್ ಏನನ್ನುತ್ತಾರೆ? ಎಣಿಕೆಗೆಂದು ಮಾಡಿದ್ದನ್ನು ಕಾಲೇಜುಗಳಲ್ಲಿ ಮಾತಿನ ಬಾಯಿ ಕಟ್ಟಲು ಬಳಸಬೇಡಿ ಅಂತ 2017ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆಯೇ ಹೇಳಿದರು. 2019ರಲ್ಲಿ ಪತ್ರಿಕೆಗೂ ಬರೆದರು. ಸ್ಟರ್ನ್ ಯಹೂದಿ, ಜಿಯೋನಿಸಂ ಎಂಬ ಯಹೂದಿ ರಾಷ್ಟ್ರವಾದವನ್ನು ಒಪ್ಪುವವರು. ಅವರ ಮಾತನ್ನು ಕೇಳಿಸಿಕೊಂಡವರು ಕಡಿಮೆ. ಕಾಳು ಅಳೆಯೋ ಸೇರು ಕೈಗೆ ಸಿಕ್ಕಿತು ಅಂತ ಅದರಲ್ಲೇ ಎದುರಿಗಿದ್ದವನ ತಲೆಗೆ ಕುಕ್ಕಿದ ಹಾಗಾಯಿತು.

ಈಗ ಪಠ್ಯಕ್ಕೆ ಬರೋಣ. ಮೊದಲ ವಾಕ್ಯ ಹೇಳುವುದು ಹೆಚ್ಚುಕಡಿಮೆ ಇಷ್ಟು: ಯಹೂದಿ ದ್ವೇಷ ಅನ್ನುವುದು ಯಹೂದಿಗಳ ಬಗೆಗಿನ ಒಂದು ಬಗೆಯ ಗ್ರಹಿಕೆ, ಅದು ದ್ವೇಷವಾಗಿ ಹೊರಬೀಳಬಹುದು. ಎಂಥ ಗ್ರಹಿಕೆ? ಹೇಳಿಲ್ಲ. ದ್ವೇಷವಾಗಿ ಹೊರಬೀಳಬಹುದು ಅಂದರೆ ಬೀಳದೆಯೂ ಇರಬಹುದು. ಹಾಗೆ ಬೀಳದಿದ್ದಾಗ ಅದನ್ನು ಗುರುತಿಸುವುದು ಹೇಗೆ? ಅದನ್ನೂ ಹೇಳಿಲ್ಲ. ಎರಡನೇ ವಾಕ್ಯದ ಪ್ರಕಾರ ಅದು ಯಹೂದಿಗಳ ಮೇಲೂ ಎರಗಬಹುದು, ಯಹೂದಿಗಳಲ್ಲದವರ ಮೇಲೂ ಎರಗಬಹುದು. ಒಬ್ಬ ಹಳ್ಳಿ ಮೇಷ್ಟ್ರು ತನ್ನ ಮಕ್ಕಳಿಗೆ ಈ ಎರಡು ವಾಕ್ಯ ಓದಿ ಹೇಳಿ 'ಏನು ತಿಳೀತು?' ಅಂತ ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ತಾರತಮ್ಯ ಅನ್ನುವ ಪದವೇ ಆ ಎರಡು ವಾಕ್ಯಗಳಲ್ಲಿಲ್ಲ. ವ್ಯಾಖ್ಯಾನ ಹೀಗೆ ಮಸುಕಾಗಿರುವುದರಿಂದ ಅರ್ಥದ ಭಾರವೆಲ್ಲ ಕೆಳಗಿನ ಹನ್ನೊಂದು ಉದಾಹರಣೆಗಳ ಮೇಲೆ ಬೀಳುತ್ತದೆ. ಆ ಹನ್ನೊಂದರಲ್ಲಿ ಏಳು ಇಸ್ರೇಲಿಗೆ ಸಂಬಂಧಿಸಿದವು.

ಉದಾಹರಣೆಗಳೆಲ್ಲ ಕೆಟ್ಟವು ಅನ್ನುವುದು ಅನ್ಯಾಯ. ಯಹೂದಿಗಳನ್ನು ಕೊಲ್ಲಬೇಕು ಅನ್ನುವುದು, ಲೋಕದ ಬ್ಯಾಂಕು ಪತ್ರಿಕೆ ಸರ್ಕಾರಗಳೆಲ್ಲ ಅವರ ಕೈಯಲ್ಲಿದೆ ಅನ್ನುವುದು, ನರಮೇಧ ನಡೆಯಲೇ ಇಲ್ಲ ಅನ್ನುವುದು ದ್ವೇಷವಲ್ಲದೆ ಮತ್ತೇನು? ಇಸ್ರೇಲಿನ ಹೆಸರು ಬರುವ ಏಳರಲ್ಲೂ ಒಪ್ಪತಕ್ಕವು ಇವೆ. ಇಸ್ರೇಲ್ ಮಾಡಿದ್ದಕ್ಕೆಲ್ಲ ಯಹೂದಿಗಳನ್ನು ಒಟ್ಟಾಗಿ ಹೊಣೆ ಮಾಡಬಾರದು ಅನ್ನುತ್ತದೆ ಒಂದು. ಯಹೂದಿ ನಾಗರಿಕನ ನಿಷ್ಠೆ ಸ್ವಂತ ದೇಶಕ್ಕಿಂತ ಇಸ್ರೇಲಿಗೇ ಹೆಚ್ಚು ಅಂತ ದೂರಬಾರದು ಅನ್ನುತ್ತದೆ ಇನ್ನೊಂದು. 'ಪಾಕಿಸ್ತಾನಕ್ಕೆ ಹೋಗಿ' ಅಂತ ನೆರೆಯವನಿಗೆ ಅನ್ನುವುದನ್ನು ಕಿವಿಯಾರೆ ಕೇಳಿರುವ ನಮಗೆ ಆ ಮಾತಿನ ವಿಷ ಗೊತ್ತು. ಬೇರೆ ದೇಶಗಳನ್ನು ಟೀಕಿಸುವಂತೆಯೇ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಾಗದು ಅಂತಲೂ ಪಠ್ಯ ಹೇಳುತ್ತದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನಮಗೆ ಬೇಡ.

ಮುಳ್ಳು ಇರುವುದು ಬೇರೆ ಮೂರು ಉದಾಹರಣೆಗಳಲ್ಲಿ. ಒಂದು: ಯಹೂದಿಗಳಿಗೆ ಸ್ವಯಂನಿರ್ಣಯದ ಹಕ್ಕಿಲ್ಲ ಅನ್ನುವುದು, ಅದಕ್ಕೆ ನಿದರ್ಶನವಾಗಿ ಇಸ್ರೇಲ್ ರಾಜ್ಯ ಇರುವುದೇ ಜನಾಂಗಭೇದದ ಕೆಲಸ ಅನ್ನುವ ಮಾತು. ಈ ಸಾಲನ್ನು ಒಬ್ಬ ಪ್ಯಾಲೆಸ್ಟೈನಿಯನ ಕೈಗೆ ಕೊಟ್ಟು ಓದಿಸಿ. 1948ರಲ್ಲಿ ಇಸ್ರೇಲ್ ಹುಟ್ಟುವಾಗ ಸುಮಾರು 7 ಲಕ್ಷ ಪ್ಯಾಲೆಸ್ಟೈನಿಯರು ಮನೆಮಠ ಬಿಟ್ಟು ಓಡಬೇಕಾಯಿತು, ಇಲ್ಲವೇ ಓಡಿಸಲ್ಪಟ್ಟರು. ನೂರಾರು ಹಳ್ಳಿಗಳು ಅಳಿದವು. ಅವರಿಗೆ ತಿರುಗಿ ಬರಲು ಬಿಡಲಿಲ್ಲ. 2018ರ ಜುಲೈನಲ್ಲಿ ಇಸ್ರೇಲಿನ ಸಂಸತ್ತು, ಆ ದೇಶದಲ್ಲಿ ರಾಷ್ಟ್ರೀಯ ಸ್ವಯಂನಿರ್ಣಯದ ಹಕ್ಕು ಯಹೂದಿಗಳಿಗೆ ಮಾತ್ರ ಅಂತ ಮೂಲಭೂತ ಕಾನೂನನ್ನೇ ಮಾಡಿತು. ಅಲ್ಲಿನ ನಾಗರಿಕರಲ್ಲಿ ಐದರಲ್ಲೊಬ್ಬ ಅರಬ್. ಹಳ್ಳಿ ಕಳೆದುಕೊಂಡವನು 'ಈ ರಾಜ್ಯವನ್ನು ಕಟ್ಟಿದ ಬಗೆಯಲ್ಲೇ ಜನಾಂಗಭೇದ ಇದೆ' ಅಂದರೆ ಅವನು ಹೇಳುತ್ತಿರುವುದು ತನ್ನ ಮನೆಯ ಕತೆ. ಅದು ಸರಿಯೋ ತಪ್ಪೋ ವಾದ ಮಾಡಬಹುದು. ಆದರೆ ಅವನು ಬಾಯಿ ತೆರೆಯುವ ಮೊದಲೇ ಆ ಮಾತನ್ನು ದ್ವೇಷದ ಪಟ್ಟಿಗೆ ಸೇರಿಸಿದರೆ ಅವನು ತನ್ನ ಗಾಯವನ್ನು ಯಾವ ಭಾಷೆಯಲ್ಲಿ ಹೇಳಬೇಕು?

ಎರಡು: ಬೇರೆ ಪ್ರಜಾಪ್ರಭುತ್ವಗಳಿಂದ ಕೇಳದ ನಡತೆಯನ್ನು ಇಸ್ರೇಲಿನಿಂದ ಮಾತ್ರ ಕೇಳುವುದು, ಅಂದರೆ ಎರಡು ಅಳತೆ ಇಡುವುದು. ಕೇಳಲು ನ್ಯಾಯ ಅನ್ನಿಸುತ್ತದೆ. ಆದರೆ ಲೋಕದ ಎಲ್ಲ ಅನ್ಯಾಯವನ್ನೂ ಸಮನಾಗಿ ತೂಗಿದ ಮೇಲೆ ಶುರುವಾದ ಚಳವಳಿ ಯಾವುದಿದೆ? ದಕ್ಷಿಣ ಆಫ್ರಿಕಾದ ಬಿಳಿಯರ ಆಡಳಿತವನ್ನು ಬಹಿಷ್ಕರಿಸಿದಾಗಲೂ 'ಬೇರೆ ದೇಶಗಳನ್ನು ಯಾಕೆ ಬಿಟ್ಟಿರಿ' ಅಂತ ಕೇಳಿದವರಿದ್ದರು. ಬಾವಿ ನೀರಿಗೆ ಹೋರಾಡುವವನಿಗೆ 'ಪಕ್ಕದೂರಿನ ಬಾವಿ ಬಗ್ಗೆ ಯಾಕಪ್ಪ ಸುಮ್ಮನಿದ್ದೀಯ' ಅಂತ ಕೇಳುವುದು ಊರ ಗೌಡನ ಹಳೇ ವರಸೆ.

ಮೂರು: ಇಸ್ರೇಲಿನ ಈಗಿನ ನೀತಿಯನ್ನು ನಾಜಿಗಳ ನೀತಿಗೆ ಹೋಲಿಸುವುದು. ಹೋಲಿಕೆ ಎಷ್ಟೋ ಸಲ ಒರಟು, ಎಷ್ಟೋ ಸಲ ಬೇಕೆಂತಲೇ ಗಾಯಕ್ಕೆ ಉಪ್ಪು ಹಾಕುವಂಥದ್ದು, ನಿಜ. ಆದರೆ 1948ರ ಡಿಸೆಂಬರ್ 4ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಮೆನಾಖೆಮ್ ಬೆಗಿನ್ ಅವರ ಹೆರುತ್ ಪಕ್ಷ ಸಂಘಟನೆಯಲ್ಲೂ ಸಿದ್ಧಾಂತದಲ್ಲೂ ನಾಜಿ ಮತ್ತು ಫ್ಯಾಸಿಸ್ಟ್ ಪಕ್ಷಗಳ ಹತ್ತಿರದ ನೆಂಟ ಅಂತ ಅದರಲ್ಲಿತ್ತು. ಕೆಳಗೆ ಸಹಿ ಹಾಕಿದವರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಹನ್ನಾ ಅರೆಂಟ್ ಇದ್ದರು. ಇಬ್ಬರೂ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಯಹೂದಿಗಳು. ಅವರು ಹೋಲಿಸಿದ್ದು ಒಂದು ಪಕ್ಷವನ್ನು, ಇಡೀ ದೇಶವನ್ನಲ್ಲ. ಆದರೆ ಆ ಬೆಗಿನ್ 1977ರಲ್ಲಿ ಇಸ್ರೇಲಿನ ಪ್ರಧಾನಿಯಾದರು. ಅದೇ ಪತ್ರ ಆಗ ಬಂದಿದ್ದರೆ ಈ ಉದಾಹರಣೆಯ ಬಲೆಗೆ ಯಾರು ಬೀಳುತ್ತಿದ್ದರು? ಹೋಲಿಕೆ ಎನ್ನುವುದು ತುಳಿತಕ್ಕೆ ಸಿಕ್ಕವರ ಬಹಳ ಹಳೆಯ ಆಯುಧ. ಸನಾತನವನ್ನು ನಾಜಿವಾದದ ಪಕ್ಕ ಇಟ್ಟ ಅಂಬೇಡ್ಕರ್ ಬಳಸಿದ್ದೂ ಅದನ್ನೇ.

ಈ ಉದಾಹರಣೆಗಳು ದ್ವೇಷವಾಗಿರಲೇಬೇಕು ಅಂತೇನೂ ಬರೆದಿಲ್ಲವಲ್ಲ, ಒಟ್ಟು ಸಂದರ್ಭ ನೋಡಿ ಅಂತ ತಾನೇ ಇದೆ ಅಂತ ಸಮರ್ಥಕರು ಹೇಳುತ್ತಾರೆ. ಅಕ್ಷರದ ಮಟ್ಟಿಗೆ ಸರಿಯಾದ ಮಾತು. ಆದರೆ ಸಂದರ್ಭ ನೋಡುವವರು ಯಾರು? ಪಕ್ಷದ ಕಚೇರಿಯ ಗುಮಾಸ್ತ, ವಿಶ್ವವಿದ್ಯಾಲಯದ ರಿಜಿಸ್ಟ್ರಾರ್, ಅನುದಾನ ಕೊಡುವ ಮಂತ್ರಿ. ಕಾಗದ ಕಚೇರಿಗೆ ಬಂದ ಮೇಲೆ ಸಂದರ್ಭ ಉದುರಿಹೋಗುತ್ತದೆ, ಪಟ್ಟಿ ಉಳಿಯುತ್ತದೆ.

ಬ್ರಿಟನ್ನಿನಲ್ಲಿ ನಡೆದದ್ದನ್ನು ನೋಡಿ. ಅಲ್ಲಿನ ಸರ್ಕಾರ 2016ರ ಡಿಸೆಂಬರಿನಲ್ಲಿ ವ್ಯಾಖ್ಯಾನವನ್ನು ಒಪ್ಪಿಕೊಂಡಿತು. 2018ರ ಜುಲೈನಲ್ಲಿ ಲೇಬರ್ ಪಕ್ಷ ಕೆಲವು ಉದಾಹರಣೆಗಳನ್ನು ತಿದ್ದಿ ತನ್ನದೇ ಸಂಹಿತೆ ಮಾಡಿಕೊಂಡಿತು. ಬೇಸಿಗೆಯೆಲ್ಲ ಗಲಾಟೆಯಾಗಿ ಸೆಪ್ಟೆಂಬರ್ 4ರಂದು ಹನ್ನೊಂದನ್ನೂ ಒಪ್ಪಿತು. ಇದರಿಂದ ಪ್ಯಾಲೆಸ್ಟೈನಿಯರ ಹಕ್ಕಿನ ಬಗ್ಗೆ ಮಾತಾಡುವ ಸ್ವಾತಂತ್ರ್ಯಕ್ಕೆ ಧಕ್ಕೆಯಾಗದು ಅಂತ ಒಂದು ಸಾಲು ಜೊತೆಗೆ ಸೇರಿಸಿದ್ದಕ್ಕೂ ಆಕ್ಷೇಪ ಬಂತು. ಆ ಪಕ್ಷದೊಳಗೆ ಯಹೂದಿ ದ್ವೇಷ ಇರಲೇ ಇಲ್ಲ ಅನ್ನುವುದು ಸುಳ್ಳು. ದೇಶದ ಸಮಾನತೆ ಆಯೋಗ 2020ರ ಅಕ್ಟೋಬರಿನಲ್ಲಿ ಕೊಟ್ಟ ವರದಿ, ಪಕ್ಷ ಕಾನೂನುಬಾಹಿರ ಕಿರುಕುಳ ಮತ್ತು ತಾರತಮ್ಯಕ್ಕೆ ಹೊಣೆ ಅಂತ ಹೇಳಿತು. ನೋವು ತಿಂದ ಯಹೂದಿ ಸದಸ್ಯರು ಇದ್ದರು. ನಮ್ಮನ್ನು ಕಾಡುವುದು ಬೇರೆ ಸಂಗತಿ. ಅವರ ದೂರುಗಳನ್ನು ಬೇಗ, ನ್ಯಾಯವಾಗಿ ವಿಚಾರಿಸುವ ಕೆಲಸ ಹಿಂದೆ ಬಿತ್ತು. ಯಾವ ಸಾಲು ಇರಬೇಕು, ಯಾವುದು ಇರಬಾರದು ಅನ್ನುವ ಬಣ ಜಗಳ ಮುಂದೆ ಬಂತು. ಒಂದು ಬಣ ಪ್ರತಿ ದೂರನ್ನೂ ಪಿತೂರಿ ಅಂದಿತು. ಇನ್ನೊಂದು ಬಣ ಪ್ರತಿ ದೂರನ್ನೂ ನಾಯಕನ ತಲೆಗೆ ಕಟ್ಟಿತು. ಎರಡರ ನಡುವೆ ನೊಂದವರು ಸಾಕ್ಷಿಯ ವಸ್ತುಗಳಾದರು.

ಜರ್ಮನಿಯಲ್ಲಿ ಕತೆ ಇನ್ನೂ ವಿಚಿತ್ರ. ಪ್ಯಾಲೆಸ್ಟೈನಿನ ಜನಸಂಘಟನೆಗಳು 2005ರಲ್ಲಿ ಇಸ್ರೇಲನ್ನು ಬಹಿಷ್ಕರಿಸಲು ಕರೆಕೊಟ್ಟವು. ಆ ಚಳವಳಿಯ ವಾದ ಮತ್ತು ವಿಧಾನಗಳೇ ಯಹೂದಿ ದ್ವೇಷ ಅಂತ ಜರ್ಮನ್ ಸಂಸತ್ತು 2019ರ ಮೇ 17ರಂದು ನಿರ್ಣಯ ಮಾಡಿತು. ಆ ನಿರ್ಣಯವನ್ನು 240 ಯಹೂದಿ ಮತ್ತು ಇಸ್ರೇಲಿ ವಿದ್ವಾಂಸರು ವಿರೋಧಿಸಿದರು. ಆ ಸುದ್ದಿಯನ್ನು ಓದಿ ಅಂತ ಬರ್ಲಿನ್ನಿನ ಯಹೂದಿ ವಸ್ತುಸಂಗ್ರಹಾಲಯ ಹಂಚಿಕೊಂಡಿತು. ಅದಕ್ಕೇ ಗದ್ದಲವೆದ್ದು ನಿರ್ದೇಶಕ ಪೀಟರ್ ಶೇಫರ್ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. 2023ರ ಡಿಸೆಂಬರಿನಲ್ಲಿ ಮಾಷಾ ಗೆಸ್ಸೆನ್ ಎಂಬ ಯಹೂದಿ ಲೇಖಕರಿಗೆ ಹನ್ನಾ ಅರೆಂಟ್ ಹೆಸರಿನ ಪ್ರಶಸ್ತಿ ಕೊಡುವುದಿತ್ತು. ಅವರ ಕುಟುಂಬದವರೂ ನರಮೇಧಕ್ಕೆ ಬಲಿಯಾದವರು. ಅವರು ಗಾಜಾವನ್ನು ನಾಜಿಗಳ ಕಾಲದ ಯಹೂದಿ ಕೇರಿಗಳಿಗೆ ಹೋಲಿಸಿ ಬರೆದರು ಅಂತ ಪ್ರಾಯೋಜಕ ಪ್ರತಿಷ್ಠಾನ ಸಮಾರಂಭದಿಂದ ಹಿಂದೆ ಸರಿಯಿತು. ಕೊನೆಗೆ ಸಣ್ಣ ಜಾಗದಲ್ಲಿ, ಪೊಲೀಸರ ಕಾವಲಿನಲ್ಲಿ ಪ್ರಶಸ್ತಿ ಕೊಟ್ಟರು. ಯಹೂದಿಗಳನ್ನು ಕೊಂದ ದೇಶ, ಕೊಲೆಯಾದವರ ಮೊಮ್ಮಕ್ಕಳಿಗೆ ಯಹೂದಿ ದ್ವೇಷ ಎಂದರೇನು ಅಂತ ಪಾಠ ಹೇಳುವ ಹಂತ ಬಂತು!

ಅಮೆರಿಕದಲ್ಲಿ ಅಧ್ಯಕ್ಷ ಟ್ರಂಪ್ 2019ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿ, ಶಿಕ್ಷಣ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವಾಗ ಈ ವ್ಯಾಖ್ಯಾನ ನೋಡಬೇಕು ಅಂದರು. ಅದನ್ನೇ ಕಾನೂನು ಮಾಡುವ ಮಸೂದೆ 2024ರ ಮೇ 1ರಂದು ಕೆಳಮನೆಯಲ್ಲಿ 320ಕ್ಕೆ 91 ಮತಗಳಿಂದ ಗೆದ್ದಿತು. ಆ ಅವಧಿಯ ಮೇಲ್ಮನೆಯಲ್ಲಿ ಮುಂದೆ ಸಾಗಲಿಲ್ಲ. ಮಧ್ಯೆ 2023ರ ಅಕ್ಟೋಬರ್ 7 ಬಂದುಹೋಗಿತ್ತು. ಅಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದಿತು. ಆಮೇಲೆ ಇಸ್ರೇಲ್ ಗಾಜಾದ ಮೇಲೆ ನಡೆಸಿದ ಯುದ್ಧದಲ್ಲಿ ಸತ್ತವರ ಸಂಖ್ಯೆ 2025ರ ಜುಲೈ ಮುಗಿಯುವ ಹೊತ್ತಿಗೆ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ, 60 ಸಾವಿರ ದಾಟಿತ್ತು. ವಿದ್ಯಾರ್ಥಿಗಳು ಡೇರೆ ಹೊಡೆದು ಕೂತರು. ಆ ಗುಂಪುಗಳಲ್ಲಿ ಯಹೂದಿ ವಿದ್ಯಾರ್ಥಿಗಳೂ ಇದ್ದರು. ಅದೇ ಆವರಣದಲ್ಲಿ ಬೈಗುಳ ಕೇಳಿ ಹೆದರಿದ ಯಹೂದಿ ವಿದ್ಯಾರ್ಥಿಗಳೂ ಇದ್ದರು. ಸರ್ಕಾರ ಸಂಶೋಧನೆಯ ದುಡ್ಡು ತಡೆಹಿಡಿಯಿತು. 2025ರ ಜುಲೈನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಈ ವ್ಯಾಖ್ಯಾನವನ್ನು ತನ್ನ ಶಿಸ್ತಿನ ವ್ಯವಸ್ಥೆಗೆ ಸೇರಿಸಿಕೊಂಡಿತು, 20 ಕೋಟಿ ಡಾಲರಿಗೂ ಮೀರಿ ಕಟ್ಟಲು ಒಪ್ಪಿತು. ಕಾನೂನಿನ ಕಟ್ಟಿಲ್ಲದ ವ್ಯಾಖ್ಯಾನ ಅಂತ ತಾನೇ ಹೇಳಿದ್ದು? ದುಡ್ಡಿನ ಕಟ್ಟು ಕಾನೂನಿನ ಕಟ್ಟಿಗಿಂತ ಬಿಗಿ.

ಇಷ್ಟೆಲ್ಲ ಆಗಿ ಯಹೂದಿಗಳಿಗಾದರೂ ರಕ್ಷಣೆ ಸಿಕ್ಕಿತೇ? ಹಂಗೆರಿ ಈ ಒಕ್ಕೂಟದ ಸದಸ್ಯ ದೇಶ. ಅಲ್ಲಿ 2017ರಲ್ಲಿ ಓರ್ಬಾನ್ ಸರ್ಕಾರ ಜಾರ್ಜ್ ಸೊರೊಸ್ ಎಂಬ ಯಹೂದಿ ಧನಿಕರ ನಗುವ ಮುಖವನ್ನು ದೇಶದ ತುಂಬ ಗೋಡೆಗೆ ಅಂಟಿಸಿತು. ದೇಶದ ಹಿಂದೆ ನಿಂತು ದಾರ ಎಳೆಯುವ ಯಹೂದಿ ಅನ್ನುವ ಹಳೇ ವಿಷವೇ ಅದರೊಳಗಿತ್ತು. ನಿಲ್ಲಿಸಿ ಅಂತ ಅಲ್ಲಿನ ಯಹೂದಿ ಸಂಘಟನೆ ಬೇಡಿತು. ಅದೇ ಜುಲೈನಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ಬುಡಾಪೆಸ್ಟಿಗೆ ಬಂದು ಓರ್ಬಾನ್ ಕೈಕುಲುಕಿದರು. ರಾಜ್ಯವನ್ನು ಪ್ರೀತಿಸುತ್ತಲೇ ಜನರನ್ನು ದ್ವೇಷಿಸಬಹುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ? ನಮ್ಮಲ್ಲೂ ನೋಡಿ. ಜರ್ಮನಿ ಯಹೂದಿಗಳನ್ನು ಹೊರಹಾಕಿದ್ದರಲ್ಲಿ ಜನಾಂಗಾಭಿಮಾನದ ಪಾಠ ಕಂಡವರು 1939ರ ಪುಸ್ತಕದ ಗೋಳ್ವಲ್ಕರ್. ಆ ಪುಸ್ತಕದಿಂದ ಸಂಘ ಆಮೇಲೆ ಕೈತೊಳೆದುಕೊಂಡಿತು. ಅದೇ ಪರಂಪರೆಯವರು ಇವತ್ತು ಇಸ್ರೇಲಿನ ಅಭಿಮಾನಿಗಳು. ರಾಜ್ಯದ ಸುತ್ತ ಕಟ್ಟಿದ ವ್ಯಾಖ್ಯಾನ ಇಂಥವರನ್ನು ಹಿಡಿಯಲಾರದು.

ಈಗ ನಮ್ಮನ್ನೇ ಚುಚ್ಚುವ ಪ್ರಶ್ನೆಗೆ ಬರಬೇಕು. ನೋವುಂಡವನೇ ನೋವಿಗೆ ಹೆಸರಿಡಬೇಕು ಅನ್ನುವುದು ದಲಿತ ಚಳವಳಿಯ ತಳಹದಿ. ಜಾತಿ ಅಂದರೇನು ಅಂತ ಅಗ್ರಹಾರದವರು ನಮಗೆ ಹೇಳಿಕೊಡುವುದು ಬೇಡ ಅಂದವರು ನಾವು. ಹಾಗಿದ್ದ ಮೇಲೆ ಬಹುಪಾಲು ಯಹೂದಿ ಸಂಸ್ಥೆಗಳು ಒಪ್ಪಿದ ವ್ಯಾಖ್ಯಾನವನ್ನು ಪ್ರಶ್ನಿಸಲು ನಮಗೇನು ಹಕ್ಕು? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. 'ಯಹೂದಿ ದ್ವೇಷದ ಆರೋಪ ದುರ್ಬಳಕೆಯಾಗುತ್ತಿದೆ' ಅನ್ನುವ ಮಾತು, 'ಅಟ್ರಾಸಿಟಿ ಕಾಯ್ದೆ ದುರ್ಬಳಕೆಯಾಗುತ್ತಿದೆ' ಅನ್ನುವ ಮಾತಿನ ಹಾಗೇ ಕೇಳಿಸುವುದಿಲ್ಲವೇ? ಆ ದುರ್ಬಳಕೆಯ ಮಾತು ಹಿಡಿದೇ 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ಕಾಯ್ದೆಯನ್ನು ಸಡಿಲಿಸಿತು. ಏಪ್ರಿಲ್ 2ರಂದು ದೇಶದ ದಲಿತರು ಬೀದಿಗಿಳಿಯಬೇಕಾಯಿತು, ಹಲವರು ಜೀವ ಕೊಟ್ಟರು. ಆಗಸ್ಟಿನಲ್ಲಿ ಸಂಸತ್ತು ತಿದ್ದುಪಡಿ ತಂದು ಕಾಯ್ದೆಯನ್ನು ಉಳಿಸಿತು. ದುರ್ಬಳಕೆ ಅನ್ನುವ ಪದ ಯಾರ ಬಾಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದಲೇ ನಾವು ಸಲೀಸಾಗಿ 'ದುರ್ಬಳಕೆ' ಅನ್ನುವುದಿಲ್ಲ. ಮೂರು ಮಾತು ಹೇಳುತ್ತೇವೆ.

ಮೊದಲನೆಯದು, ನೊಂದವನ ಮಾತು ವಿಚಾರಣೆಯ ಬಾಗಿಲು. ಬ್ರಿಟನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕರಿಯ ಹುಡುಗನ ಕೊಲೆಯ ತನಿಖೆ ಕುರಿತ 1999ರ ಮ್ಯಾಕ್‌ಫರ್ಸನ್ ವರದಿ, ಜನಾಂಗದ್ವೇಷ ನಡೆಯಿತು ಅಂತ ನೊಂದವರಿಗೆ ಅನ್ನಿಸಿದರೆ ಪೊಲೀಸರು ಹಾಗೆಂದೇ ಬರೆದುಕೊಂಡು ತನಿಖೆ ಮಾಡಬೇಕು ಅಂದಿತು. ದೂರು ತಗೊಳ್ಳುವುದಿಲ್ಲ ಅಂತ ಠಾಣೆಯಿಂದ ಅಟ್ಟಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಆದರೆ ಬಾಗಿಲು ತೆರೆದ ಮೇಲೆ ವಿಚಾರಣೆ ನಡೆಯಬೇಕು. ಬಾಗಿಲನ್ನೇ ತೀರ್ಪು ಅನ್ನಲಾಗದು.

ಎರಡನೆಯದು, ನೊಂದವರಿಗೆ ಒಂದೇ ಬಾಯಿ ಇರುವುದಿಲ್ಲ. ಸ್ಟರ್ನ್, ಗೆಸ್ಸೆನ್, ಆ 240 ವಿದ್ವಾಂಸರು ಯಾರು? ಸಂಸ್ಥೆಯ ಗಾದಿಯಲ್ಲಿ ಕೂತವರ ದನಿಯೇ ಸಮುದಾಯದ ದನಿ ಅನ್ನುವುದಾದರೆ, ಮಂತ್ರಿಯಾದ ದಲಿತ ಹೇಳಿದ್ದೇ ಕೇರಿಯ ಮಾತು ಅನ್ನಬೇಕಾದೀತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ವ್ಯಾಖ್ಯಾನ ಮುಟ್ಟುವುದು ಒಂದು ಗಾಯವನ್ನಲ್ಲ, ಎರಡನ್ನು. 2020ರ ನವೆಂಬರಿನಲ್ಲಿ 122 ಪ್ಯಾಲೆಸ್ಟೈನಿ ಮತ್ತು ಅರಬ್ ಬರಹಗಾರರು, ಅಧ್ಯಾಪಕರು ಬಹಿರಂಗ ಹೇಳಿಕೆ ಕೊಟ್ಟರು. ಯಹೂದಿ ದ್ವೇಷದ ವಿರುದ್ಧ ಹೋರಾಡಲೇಬೇಕು, ಆದರೆ ಆ ಹೋರಾಟದ ಹೆಸರಿನಲ್ಲಿ ನಮ್ಮ ಕತೆಯನ್ನೇ ಅಪರಾಧ ಮಾಡಬೇಡಿ ಅನ್ನುವುದು ಅದರ ಸಾರ. ವ್ಯಾಖ್ಯಾನ ಬರೆಯುವ ಮೇಜಿನ ಬಳಿ ಅವರನ್ನು ಯಾರೂ ಕೂರಿಸಿರಲಿಲ್ಲ.

ಬರವಣಿಗೆಯ ಮಟ್ಟಿಗೂ ನಮ್ಮ ಕೈಯಲ್ಲೊಂದು ಮಾದರಿ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಮೂರನೇ ಸೆಕ್ಷನ್ ಓದಿ. ತಿನ್ನಬಾರದ್ದನ್ನು ತಿನ್ನಿಸುವುದು, ಮನೆ ಮುಂದೆ ಹೊಲಸು ಸುರಿಯುವುದು, ಬೆತ್ತಲೆ ಮೆರವಣಿಗೆ, ಭೂಮಿ ಕಿತ್ತುಕೊಳ್ಳುವುದು, ಕುಡಿಯುವ ನೀರು ಕೆಡಿಸುವುದು. ಪ್ರತಿ ಸಾಲಿನಲ್ಲೂ ಹೊಡೆಸಿಕೊಂಡ ಒಂದು ಮೈ ಇದೆ. ಯಾವ ಸಾಲೂ ಯಾವ ಸರ್ಕಾರಕ್ಕೂ ಟೀಕೆಯಿಂದ ರಕ್ಷಣೆ ಕೊಡುವುದಿಲ್ಲ. ಇಂಥ ಖಚಿತತೆಗೆ ಹತ್ತಿರ ಬರುವ ಯತ್ನ ಯಹೂದಿ ವಿದ್ವಾಂಸರಿಂದಲೂ ನಡೆದಿದೆ. 2021ರ ಮಾರ್ಚ್ 25ರಂದು ಹೊರಬಂದ ಜೆರುಸಲೇಂ ಘೋಷಣೆ, ಯಹೂದಿಗಳನ್ನು ಯಹೂದಿಗಳು ಅನ್ನುವ ಕಾರಣಕ್ಕೇ ತಾರತಮ್ಯ, ಪೂರ್ವಗ್ರಹ, ಹಗೆತನ, ಹಿಂಸೆಗೆ ಗುರಿಮಾಡುವುದೇ ಯಹೂದಿ ದ್ವೇಷ ಅಂತ ನೇರವಾಗಿ ಹೇಳಿತು. 15 ಸೂತ್ರಗಳಲ್ಲಿ, ಇಸ್ರೇಲ್ ಕುರಿತ ಯಾವ ಮಾತು ದ್ವೇಷ, ಯಾವುದು ಅಲ್ಲ ಅಂತ ಬಿಡಿಸಿಟ್ಟಿತು. ಬಹಿಷ್ಕಾರ ತನ್ನಷ್ಟಕ್ಕೆ ದ್ವೇಷವಲ್ಲ ಅಂದಿತು. ಅದರ ಮೇಲೂ ಪ್ಯಾಲೆಸ್ಟೈನಿಯರ ಆಕ್ಷೇಪವಿದೆ: ನಮ್ಮ ಮಾತಿಗೆ ಗಡಿ ಹಾಕುವ ಕೆಲಸ ಇಲ್ಲೂ ಬೇರೆಯವರದೇ ಆಯಿತಲ್ಲ ಅಂತ. ಆ ಆಕ್ಷೇಪ ನ್ಯಾಯವಾದದ್ದು. ಆದರೂ ಇದು ಮನುಷ್ಯರನ್ನು ನಡುವೆ ಇಟ್ಟುಕೊಂಡು ಬರೆದ ಪಠ್ಯ.

ಈ ಜಗಳ ನಮ್ಮ ಬಾಗಿಲಿಗೂ ಬಂದಿದೆ. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆಯಿತು. ಜಾತಿಯನ್ನೂ ಚರ್ಚೆಗೆ ಸೇರಿಸಿ ಅಂತ ದಲಿತ ಸಂಘಟನೆಗಳು ಹೋದವು. ಜಾತಿ ಜನಾಂಗವಲ್ಲ, ಅದು ನಮ್ಮ ಮನೆಯ ವಿಷಯ ಅಂತ ಭಾರತ ಸರ್ಕಾರ ಅಡ್ಡ ನಿಂತಿತು. ಅದೇ ಸಮ್ಮೇಳನದಲ್ಲಿ ಇಸ್ರೇಲ್ ಕುರಿತ ಮಾತುಗಳಿಗಾಗಿ ಅಮೆರಿಕ ಮತ್ತು ಇಸ್ರೇಲ್ ಎದ್ದು ಹೋದವು. ಅಲ್ಲಿನ ಸಂಘಟನೆಗಳ ವೇದಿಕೆಯ ಸುತ್ತ ಯಹೂದಿ ದ್ವೇಷದ ಹಳೇ ಕಟ್ಟುಕತೆಯ ಪುಸ್ತಕ ಹರಿದಾಡಿದ್ದೂ ನಿಜ, ಅದು ನಾಚಿಕೆಗೇಡು. ಕೊನೆಯ ಘೋಷಣೆಯಲ್ಲಿ ಜಾತಿಯ ಹೆಸರೇ ಇರಲಿಲ್ಲ. ಪ್ರಭುತ್ವಗಳ ಮಾನ ಕಾಯುವ ಜಗಳದಲ್ಲಿ ಜನರ ಗಾಯ ಹೇಗೆ ಬದಿಗೆ ಸರಿಯುತ್ತದೆ ಅನ್ನುವುದಕ್ಕೆ ಡರ್ಬನ್ ಸಾಕ್ಷಿ.

ಬ್ರಿಟನ್ ಸರ್ಕಾರ ಜಾತಿ ತಾರತಮ್ಯವನ್ನು ಸಮಾನತೆ ಕಾನೂನಿಗೆ ಸೇರಿಸುವ ಹೊಣೆಯನ್ನು ಕೈಬಿಡುತ್ತೇವೆ ಅಂದದ್ದು 2018ರ ಜುಲೈನಲ್ಲಿ. ಲೇಬರ್ ಪಕ್ಷ ಹನ್ನೊಂದು ಉದಾಹರಣೆಗಳ ಮೇಲೆ ಹೊಡೆದಾಡುತ್ತಿದ್ದದ್ದು ಅದೇ ಬೇಸಿಗೆ. ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಜಾತಿ ತಾರತಮ್ಯ ನಿಷೇಧ ಮಸೂದೆಯನ್ನು ರಾಜ್ಯಪಾಲರು 2023ರ ಅಕ್ಟೋಬರ್ 7ರಂದು ತಳ್ಳಿಹಾಕಿದರು. ಆ ಮಸೂದೆಯನ್ನು ವಿರೋಧಿಸಿದವರ ಬಾಯಲ್ಲಿ ಕೇಳಿಬಂದ ಪದ 'ಹಿಂದೂಫೋಬಿಯಾ'. ಜಾರ್ಜಿಯಾ ರಾಜ್ಯ 2024ರ ಜನವರಿಯಲ್ಲಿ ಸ್ಮರಣೆ ಒಕ್ಕೂಟದ ವ್ಯಾಖ್ಯಾನವನ್ನು ಕಾನೂನಿಗೆ ತಂದಿತು. 2025ರಲ್ಲಿ ಅಲ್ಲೇ ಹಿಂದೂಫೋಬಿಯಾಕ್ಕೂ ಕಾನೂನಿನ ವ್ಯಾಖ್ಯಾನ ಬೇಕು ಅಂತ ಮಸೂದೆ ಮಂಡನೆಯಾಯಿತು. ಹೊರದೇಶದಲ್ಲಿ ಹಿಂದೂಗಳ ಮೇಲೆ ಹಲ್ಲೆಯಾದರೆ ಅದು ದ್ವೇಷವೇ, ಅದನ್ನು ಖಂಡಿಸಬೇಕು. ಆದರೆ ನಾಳೆ ಆ ಪಟ್ಟಿಯ ಏಳನೇ ಸಾಲಿನಲ್ಲೋ ಎಂಟನೇ ಸಾಲಿನಲ್ಲೋ 'ಜಾತಿ ವ್ಯವಸ್ಥೆ ಧರ್ಮದ ಬುಡದಲ್ಲೇ ಇದೆ ಅನ್ನುವುದು' ಅಂತ ಬರೆದರೆ? ಅಂಬೇಡ್ಕರ್ ಪುಸ್ತಕ ಹಿಡಿದು ಪಾಠ ಮಾಡುವ ಮೇಷ್ಟ್ರಿಗೆ ಆಗ ಯಾವ ರಿಜಿಸ್ಟ್ರಾರ್ ಸಂದರ್ಭ ನೋಡುತ್ತಾನೆ?

ಹಾಗಾಗಿ ಗೆಳೆಯರೆ, ಯಾವುದೇ ದ್ವೇಷದ ವ್ಯಾಖ್ಯಾನ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದರ ಪ್ರತಿ ಸಾಲಿನ ಹಿಂದೆ ನೊಂದ ಮನುಷ್ಯ ಇದ್ದಾನೋ, ರಾಜ್ಯ ಇದೆಯೋ? ಇದು ಬೇರೆ ನೊಂದವನ ಬಾಯಿ ಕಟ್ಟುತ್ತದೆಯೋ? ಇದನ್ನು ಜಾರಿ ಮಾಡುವ ಅಧಿಕಾರಿ ಯಾರಿಗೆ ಉತ್ತರ ಹೇಳಬೇಕು? ಪ್ಯಾಲೆಸ್ಟೈನಿಗಾಗಿ ಕರೆದ ಸಭೆಯಲ್ಲಿ ಯಾರಾದರೂ ಎದ್ದು 'ಹಿಟ್ಲರ್ ಮಾಡಿದ್ದೇ ಸರಿ' ಅಂದರೆ ಮೈಕು ಕಿತ್ತುಕೊಂಡು ಅಲ್ಲೇ ಉತ್ತರ ಕೊಡಿ. ಅದಕ್ಕೆ ಯಾವ ಸರ್ಕಾರದ ವ್ಯಾಖ್ಯಾನವೂ ಬೇಕಿಲ್ಲ. ಮರುದಿನ ಅದೇ ಮೈಕಿನಲ್ಲಿ ಗಾಜಾದ ಮಕ್ಕಳ ಬಗ್ಗೆ ಮಾತಾಡಿದವರನ್ನು ದ್ವೇಷಿಗಳು ಅಂತ ಕರೆದರೆ ಅವರ ಪಕ್ಕ ಹೋಗಿ ನಿಲ್ಲಿ.

ಈ ಬರಹವನ್ನು ಒಪ್ಪದವರು ಬರೆಯಲಿ, ಚರ್ಚೆಗೆ ಪುಟಗಳು ತೆರೆದಿವೆ.